ಡಿಎನ್‌ಎ ದುರಸ್ತಿಯ ಲ್ಯಾಬಿಗೆ ಹೊರಟಿರುವ ನಿಮಗೆ

ಪಿಎಚ್‌ಡಿ ಮುಗಿಯಿತು, ಡಿಎನ್‌ಎ ದುರಸ್ತಿ ಮಾಡುವ ಕಿಣ್ವಗಳ ಮೇಲೆ ಪೋಸ್ಟ್‌ಡಾಕ್ ಮಾಡಲು ಹೊರದೇಶಕ್ಕೆ ಬರುತ್ತಿದ್ದೇನೆ, ಅಲ್ಲಿ ಬದುಕು ಹೇಗಿರುತ್ತದೆ, ಈ ವಿಷಯ ಹಿಡಿದರೆ ಮುಂದೆ ದಾರಿಯುಂಟೇ ಎಂದು ಕೇಳಿದ್ದೀರಿ. ನಾನು ಇದೇ ಕೆಲಸ ಹಿಡಿದು ಬಂದು ಹದಿನಾಲ್ಕು ವರ್ಷವಾಯಿತು. ಮನೆ, ಬ್ಯಾಂಕು, ವೀಸಾ ಎಲ್ಲ ಕೆಲವು ತಿಂಗಳಲ್ಲಿ ಹಾದಿಗೆ ಬರುತ್ತವೆ. ಅದಕ್ಕಿಂತ ಮುಖ್ಯವಾದದ್ದೊಂದಿದೆ. ಒಂದಲ್ಲ ಒಂದು ದಿನ ನಿಮಗೆ ಮನೆಯಿಂದ ಫೋನ್ ಬರುತ್ತದೆ.

ನನಗೆ ಬಂದದ್ದು ಐದನೇ ವರ್ಷ. ಚಿಕ್ಕಮ್ಮನಿಗೆ ಅಂಡಾಶಯದ ಕ್ಯಾನ್ಸರ್. ರಿಪೋರ್ಟಿನಲ್ಲಿ ಬಿಆರ್‌ಸಿಎ1 ಅಂತ ಬರೆದಿತ್ತು. "ನೀನು ಕೆಲಸ ಮಾಡೋದು ಇದರಲ್ಲೇ ಅಲ್ವೇನೇ, ಹಾಗಂದ್ರೆ ಏನು ಹೇಳು" ಅಂದರು. ಐದು ವರ್ಷ ದಿನಾ ಅದೇ ಮಾತಾಡಿದವಳು ನಾನು, ಆದರೆ ಎಲ್ಲ ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಒಂದು ವಾಕ್ಯ ಕೂಡಲಿಲ್ಲ. ಡಾಕ್ಟರನ್ನೇ ಕೇಳಿ ಚಿಕ್ಕಮ್ಮಾ ಎಂದು ಫೋನ್ ಇಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಎದ್ದು ಕೂತು ನೋಟ್‌ಬುಕ್ಕಿನಲ್ಲಿ ಬರೆದೆ, ಮರುದಿನ ಓದಿ ಹೇಳಿದೆ.

ಹೇಳಿದ್ದು ಇಷ್ಟು. ನಮ್ಮ ಒಂದೊಂದು ಜೀವಕೋಶದ ಡಿಎನ್‌ಎಗೂ ದಿನಕ್ಕೆ ಸಾವಿರಾರು ಕಡೆ ಹಾನಿಯಾಗುತ್ತದೆ. ಬಿಸಿಲೋ ಹೊಗೆಯೋ ಬೇಕೆಂದೇನಿಲ್ಲ, ಕೋಶದೊಳಗಿನ ನೀರು, ಆಮ್ಲಜನಕವೇ ಸಾಕು. ಸರಿಪಡಿಸಲು ಬೇರೆ ಬೇರೆ ಗುಂಪಿನ ಕಿಣ್ವಗಳಿವೆ: ಡಿಎನ್‌ಎ ಬರಹದ ಕೆಟ್ಟ ಅಕ್ಷರ ಕೀಳುವವು, ಬಿಸಿಲಿನ ಪೆಟ್ಟಿಗೆ ಒಂದಕ್ಕೊಂದು ಅಂಟಿಕೊಂಡ ಅಕ್ಷರಗಳನ್ನು ಕತ್ತರಿಸಿ ತೆಗೆಯುವವು, ನಕಲು ಮಾಡುವಾಗಿನ ತಪ್ಪು ತಿದ್ದುವವು, ಡಿಎನ್‌ಎಯ ಎರಡೂ ಎಳೆ ತುಂಡಾದಾಗ ಕೂಡಿಸುವವು. ಬಿಆರ್‌ಸಿಎ1, ಬಿಆರ್‌ಸಿಎ2 ಈ ಕೊನೆಯ ಗುಂಪಿಗೆ ನೆರವಾಗುವ ಪ್ರೋಟೀನುಗಳು. ತಾವೇ ಕತ್ತರಿಸಿ ಜೋಡಿಸುವುದಿಲ್ಲ, ಆ ಕೆಲಸ ಸರಿಯಾಗಿ ನಡೆಯುವಂತೆ ನೋಡಿಕೊಳ್ಳುತ್ತವೆ. ಆ ಜೀನಿನ ಎರಡು ಪ್ರತಿಗಳಲ್ಲಿ ಒಂದು ಹುಟ್ಟಿನಿಂದಲೇ ಕೆಟ್ಟಿದ್ದರೂ ಇನ್ನೊಂದು ಸರಿದೂಗಿಸಿಕೊಂಡು ಹೋಗುತ್ತದೆ. ಯಾವುದೋ ಒಂದು ಕೋಶದಲ್ಲಿ ಅದೂ ಹೋದರೆ ತಪ್ಪುಗಳು ಪೇರಿಕೊಳ್ಳುತ್ತವೆ, ಗಡ್ಡೆ ಹುಟ್ಟುತ್ತದೆ.

ಔಷಧಿ ಹಿಡಿದದ್ದು ಗಡ್ಡೆಯ ಇದೇ ಕೊರತೆಯನ್ನು. ಒಂದು ಎಳೆ ಮಾತ್ರ ಹರಿದಾಗ ಓಡಿಬರುವ ಕಿಣ್ವ ಪಾರ್ಪ್. ಔಷಧಿಯಿಂದ ಅದನ್ನು ತಡೆದರೆ ಅದು ಡಿಎನ್‌ಎ ಮೇಲೇ ಸಿಕ್ಕಿಕೊಳ್ಳುತ್ತದೆ, ನಕಲು ಮಾಡುವ ಹೊತ್ತಿಗೆ ಸಣ್ಣ ಹರಕು ಎರಡೂ ಎಳೆಯ ತುಂಡಾಗುತ್ತದೆ. ಆರೋಗ್ಯವಂತ ಕೋಶ ಅದನ್ನು ಕೂಡಿಸಿಕೊಂಡು ಬದುಕುತ್ತದೆ. ಬಿಆರ್‌ಸಿಎ ಕಳೆದುಕೊಂಡ ಗಡ್ಡೆಯ ಕೋಶಕ್ಕೆ ಆ ಶಕ್ತಿಯಿಲ್ಲ, ಸಾಯುತ್ತದೆ. 2005ರಲ್ಲಿ ಎರಡು ತಂಡಗಳು ಇದನ್ನು ಒಟ್ಟೊಟ್ಟಿಗೇ ತೋರಿಸಿದವು. ಅಮೆರಿಕದಲ್ಲಿ ಪಾರ್ಪ್ ತಡೆಯುವ ಒಲಾಪರಿಬ್ ಔಷಧಿಗೆ ಅಂಡಾಶಯದ ಕ್ಯಾನ್ಸರಿಗಾಗಿ ಅನುಮತಿ ಸಿಕ್ಕಿದ್ದು 2014ರ ಡಿಸೆಂಬರಿನಲ್ಲಿ.

ಚಿಕ್ಕಮ್ಮ ಕೇಳಿದ ಪ್ರಶ್ನೆಗಳು ಯಾವ ಸೆಮಿನಾರಿನ ಪ್ರಶ್ನೆಗೂ ಕಡಿಮೆಯಿರಲಿಲ್ಲ. "ಒಳ್ಳೇ ಕೋಶಕ್ಕೇನೂ ಆಗಲ್ವಾ?" ಆಗುತ್ತದೆ, ಮಜ್ಜೆಗೆ ಪೆಟ್ಟು ಬಿದ್ದು ರಕ್ತ ಕಡಿಮೆಯಾಗಬಹುದು ಎಂದೆ. "ಮತ್ತೆ ಬರಲ್ವಾ?" ಬರಬಹುದು, ಕೆಟ್ಟ ಜೀನನ್ನು ಇನ್ನೊಂದು ಮ್ಯುಟೇಶನ್ನಿಂದ, ಅಂದರೆ ಜೀನಿನಲ್ಲಾಗುವ ಬದಲಾವಣೆಯಿಂದ, ಮತ್ತೆ ಕೆಲಸಕ್ಕೆ ತಂದುಕೊಳ್ಳುವ ಗಡ್ಡೆಗಳಿವೆ. ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. "ಮಕ್ಕಳಿಗೆ?" ಹುಟ್ಟಿನಿಂದ ಬಂದದ್ದಾದರೆ ಒಬ್ಬೊಬ್ಬರಿಗೂ ಅರ್ಧದಷ್ಟು ಸಾಧ್ಯತೆ, ಗಂಡಾಗಲಿ ಹೆಣ್ಣಾಗಲಿ. ಆದ್ದರಿಂದ ಅದು ಗಡ್ಡೆಯಲ್ಲಷ್ಟೇ ಇದೆಯೇ, ರಕ್ತದ ಪರೀಕ್ಷೆಯಲ್ಲೂ ಕಂಡಿದೆಯೇ ಎಂದು ಡಾಕ್ಟರನ್ನು ಕೇಳಲು ಹೇಳಿದೆ. ಯಾವ ಔಷಧಿ ತಗೊಳ್ಳಬೇಕೆಂದು ಮಾತ್ರ ಹೇಳಲಿಲ್ಲ, ನೀವೂ ಹೇಳಬೇಡಿ. ನಾವು ಚಿಕಿತ್ಸೆ ಮಾಡುವವರಲ್ಲ.

ಫೋನ್ ಬಿಆರ್‌ಸಿಎ ಬಗ್ಗೆಯೇ ಬರಬೇಕೆಂದಿಲ್ಲ. ನಕಲಿನ ತಪ್ಪು ತಿದ್ದುವ ಜೀನುಗಳು ಕೆಟ್ಟ ಮನೆತನಗಳಲ್ಲಿ ಕರುಳಿನ ಕ್ಯಾನ್ಸರ್ ಹೆಚ್ಚಾಗಿ ಬರುತ್ತದೆ, ಲಿಂಚ್ ಸಿಂಡ್ರೋಮ್ ಎನ್ನುತ್ತಾರೆ. ಆ ದೋಷವಿರುವ ಗಡ್ಡೆ ಯಾವ ಅಂಗದ್ದಾದರೂ, ರೋಗನಿರೋಧಕ ಶಕ್ತಿಯನ್ನು ಗಡ್ಡೆಯ ಮೇಲೆ ಬಿಡುವ ಪೆಂಬ್ರೊಲಿಜುಮಾಬ್ ಔಷಧಿ ಕೊಡಬಹುದೆಂದು 2017ರಲ್ಲಿ ಅಮೆರಿಕ ಒಪ್ಪಿತು. ತಪ್ಪು ಜಾಸ್ತಿಯಾದಷ್ಟೂ ರೋಗನಿರೋಧಕ ಶಕ್ತಿಗೆ ಆ ಗಡ್ಡೆ ಎದ್ದು ಕಾಣುತ್ತದೆ. ಗ್ಲಯೋಬ್ಲಾಸ್ಟೋಮಾ ಎಂಬ ಮಿದುಳಿನ ಕ್ಯಾನ್ಸರಿನಲ್ಲಿ ದುರಸ್ತಿಯೇ ನಮಗೆ ಎದುರು ನಿಲ್ಲುತ್ತದೆ. ಟೆಮೊಜೊಲೊಮೈಡ್ ಎಂಬ ಔಷಧಿ ಗಡ್ಡೆಯ ಡಿಎನ್‌ಎಗೆ ಮಾಡಿದ ಗಾಯವನ್ನು ಎಂಜಿಎಂಟಿ ಎಂಬ ಪ್ರೋಟೀನು ತನ್ನ ಮೈಮೇಲೆ ಎಳೆದುಕೊಂಡು ಅಳಿಸುತ್ತದೆ. ಒಂದು ಅಣು, ಒಂದು ಗಾಯ, ಅಲ್ಲಿಗೆ ಅದರ ಆಯಸ್ಸು ಮುಗಿಯಿತು. ಗಡ್ಡೆಯಲ್ಲಿ ಆ ಪ್ರೋಟೀನಿನ ಜೀನು ಮುಚ್ಚಿಹೋಗಿದ್ದರೆ ಔಷಧಿ ಹೆಚ್ಚು ನಾಟುತ್ತದೆ. ಇಷ್ಟು ವರ್ಷವಾದರೂ ಆ ಪ್ರೋಟೀನಿನ ಬಗ್ಗೆ ಓದುವಾಗ ನನಗೆ ರೋಮಾಂಚನವಾಗುತ್ತದೆ.

ದಾರಿ ಉಂಟೇ ಎಂದಿರಲ್ಲ. ಅಜೀಜ್ ಸಾಂಜಾರ್ ಟರ್ಕಿಯಿಂದ ಅಮೆರಿಕಕ್ಕೆ ಹೋದವರು. ಪಿಎಚ್‌ಡಿ ಆದಮೇಲೆ ಪೋಸ್ಟ್‌ಡಾಕ್ ಸಿಗದೆ ಯೇಲ್ ವಿಶ್ವವಿದ್ಯಾಲಯದಲ್ಲಿ ಲ್ಯಾಬ್ ಟೆಕ್ನೀಶಿಯನ್ ಆಗಿ ಸೇರಿದರು. ಬಿಸಿಲಿನ ಗಾಯ ಕತ್ತರಿಸುವ ಕಿಣ್ವಗಳ ಕೆಲಸ ಶುರು ಮಾಡಿದ್ದು ಅಲ್ಲೇ. 2015ರಲ್ಲಿ ತೋಮಸ್ ಲಿಂಡಾಲ್, ಪಾಲ್ ಮಾಡ್ರಿಚ್ ಜೊತೆ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಲ್ಯಾಬಿನ ಬಗ್ಗೆ ಒಂದೇ ಮಾತು. ಕೋಶಗಳನ್ನು ಕೈಗೆ ಕೊಟ್ಟ ಮೊದಲ ವಾರವೇ ಅವು ಹೆಸರಿಗೆ ತಕ್ಕವೇ ಎಂದು ಪರೀಕ್ಷೆಗೆ ಕಳಿಸಿ. ದುರಸ್ತಿ ಜೀನಿಲ್ಲ ಎಂದು ಬರೆದಿದ್ದ ಡಬ್ಬಿಯ ಕೋಶಗಳಲ್ಲಿ ಆ ಜೀನು ಚೆನ್ನಾಗಿಯೇ ಇತ್ತು. ನನ್ನ ಎಂಟು ತಿಂಗಳು ಅದರಲ್ಲಿ ಹೋಯಿತು. ಹೊಸಬಳು ಹೇಗೆ ಕೇಳುವುದೆಂಬ ಸಂಕೋಚ ನನ್ನನ್ನು ಸುಮ್ಮನಿರಿಸಿತ್ತು.

ಹೊರಡುವ ಮುಂಚೆ ಒಂದು ಸಂಜೆ ಮನೆಯವರನ್ನು ಕೂರಿಸಿಕೊಂಡು ನಿಮ್ಮ ಕೆಲಸವನ್ನು ಕನ್ನಡದಲ್ಲಿ ಹೇಳಿ ನೋಡಿ. ಎಲ್ಲೆಲ್ಲಿ ತಡವರಿಸಿದಿರೋ ಗುರುತು ಹಾಕಿಕೊಳ್ಳಿ. ನನ್ನ ನೋಟ್‌ಬುಕ್ಕಿನ ಆ ಪುಟಗಳನ್ನು ಕಳಿಸಿಕೊಡುತ್ತೇನೆ, ಬೇಕಾದ ಕಡೆ ತಿದ್ದಿಕೊಳ್ಳಿ.