ಮರೆವಿಗೆ ಯಾವ ಸ್ಕ್ಯಾನ್?

ಪ್ರಶ್ನೆ: ಆಯಿಗೆ 72 ವರ್ಷ. ವರ್ಷದಿಂದ ಮರೆವು ಹೆಚ್ಚಿದೆ, ಕೇಳಿದ್ದನ್ನೇ ಕೇಳುತ್ತಾಳೆ. ಡಾಕ್ಟರು ಎಂಆರ್‌ಐ ಬರೆದುಕೊಟ್ಟಿದ್ದಾರೆ. ನೆಂಟರು ಸೀದಾ ಬೆಂಗಳೂರಿಗೆ ಹೋಗಿ ಪೆಟ್ ಸ್ಕ್ಯಾನ್ ಮಾಡಿಸಿ ಎನ್ನುತ್ತಾರೆ. ಯಾವುದು ಸರಿ?
– ಓದುಗರು, ಶಿರಸಿ

ಉತ್ತರ: ಡಾಕ್ಟರು ಹೇಳಿದ್ದೇ ಸರಿ. ಜೊತೆಗೆ ಬಿ12, ಥೈರಾಯ್ಡ್ ರಕ್ತಪರೀಕ್ಷೆಯೂ ಆಗಲಿ. ಅಲ್ಲಿನ ಏರುಪೇರಿನಿಂದ ಬಂದ ಮರೆವು ಔಷಧಿಗೆ ಬಗ್ಗಬಹುದು. ಎಂಆರ್‌ಐಯಲ್ಲಿ ಮೊದಲು ಹುಡುಕುವುದು ಹೆಪ್ಪುಗಟ್ಟಿದ ರಕ್ತ, ಗಡ್ಡೆ, ತುಂಬಿಕೊಂಡ ನೀರು, ಸಣ್ಣಪುಟ್ಟ ಸ್ಟ್ರೋಕ್. ಆಮೇಲೆ ಹಿಪ್ಪೊಕ್ಯಾಂಪಸ್. ಹೊಸ ನೆನಪು ಕೂಡಿಡುವ ಮೆದುಳಿನ ಈ ಭಾಗ ಅಲ್ಝೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಬೇಗ ಸವೆಯುತ್ತದೆ; ಸವೆತಕ್ಕೆ 0ಯಿಂದ 4ರವರೆಗೆ ಅಂಕ ಕೊಡುತ್ತಾರೆ. 5 ಮಿ.ಮೀ. ದಪ್ಪದ ಮಾಮೂಲಿ ಚಿತ್ರಗಳಲ್ಲಿ ಇದು ಸರಿಯಾಗಿ ಸಿಗದು. 'ಮರೆವಿನ ತಪಾಸಣೆ' ಎಂದು ಚೀಟಿಯಲ್ಲಿ ಬರೆಸಿ, 1 ಮಿ.ಮೀ.ನ 3ಡಿ ಚಿತ್ರ ತೆಗೆಯುತ್ತಾರಾ ಎಂದು ಮೊದಲೇ ಕೇಳಿ.

ಪೇಸ್‌ಮೇಕರ್ ಇದ್ದರೆ ಮುಂಚೆಯೇ ತಿಳಿಸಿ. ಕರಿಮಣಿ, ಹೇರ್‌ಪಿನ್, ಕಿವಿಯ ಯಂತ್ರ ಹೊರಗೇ ಇರಲಿ. ಚಿತ್ರ ಕೆಡುವುದು ಹೆಚ್ಚಾಗಿ ಅಲುಗಾಟದಿಂದ: ತಲೆ ತುಸು ಆಡಿದರೂ ಮೆದುಳಿನ ಹೊರಪದರ ಇದ್ದದ್ದಕ್ಕಿಂತ ತೆಳುವಾಗಿ ಕಾಣುತ್ತದೆ. ಅರ್ಧ ಗಂಟೆ ಗಡಗಡ ಸದ್ದು ಇರುತ್ತದೆಂದು ಮನೆಯಲ್ಲೇ ಹೇಳಿಡಿ. ಫಿಲ್ಮ್ ಮಾತ್ರ ಸಾಲದು, ಸಿಡಿಯನ್ನೂ ಕೇಳಿ ತನ್ನಿ.

ಎಂಆರ್‌ಐ ನೋಡಿಯೂ ಅನುಮಾನ ಉಳಿದರೆ ಪೆಟ್: ಸೂಜಿಯಲ್ಲಿ ಕೊಟ್ಟ, ವಿಕಿರಣ ಸೂಸುವ ಔಷಧ ಮೆದುಳಿನಲ್ಲಿ ಎಲ್ಲಿ ಸೇರಿದೆ ಎಂದು ನೋಡುವ ಸ್ಕ್ಯಾನ್. ಮೆದುಳು ಎಲ್ಲಿ ಎಷ್ಟು ಸಕ್ಕರೆ ಬಳಸುತ್ತದೆ ಎಂದು ತೋರಿಸುವ 'ಸಕ್ಕರೆಯ ಪೆಟ್' (ಎಫ್‌ಡಿಜಿ) ಆದರೆ 4ರಿಂದ 6 ಗಂಟೆ ಉಪವಾಸ. ನೀರು ಕುಡಿಯಬಹುದು, ಚಹಾ, ಕವಳ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಮಾತ್ರೆ, ಇನ್ಸುಲಿನ್ ಬಗ್ಗೆ ಮೊದಲೇ ವಿಚಾರಿಸಿ. ರಕ್ತದಲ್ಲಿ ಸಕ್ಕರೆ ಏರಿದ್ದರೆ ಚಿತ್ರ ಮಂಕು. ಸೂಜಿಯ ನಂತರ ಮಂದ ಬೆಳಕಿನಲ್ಲಿ ಸುಮ್ಮನೆ ಮಲಗಿರಬೇಕು. ಜೊತೆಗೆ ಹೋದವರೂ ಮಾತಾಡಿಸಬಾರದು. ಆ ಔಷಧದಲ್ಲಿ ವಿಕಿರಣ ಸೂಸುವ ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ. ಘಟ್ಟದ ದಾರಿ ನಂಬಿ ತಡವಾಗಿ ಹೋದರೆ ನಿಮ್ಮ ಡೋಸ್ ಕಾದು ಕೂರುವುದಿಲ್ಲ. ಹಿಂದಿನ ದಿನವೇ ಬೆಂಗಳೂರು ಸೇರಿ.

ಅಮಿಲಾಯ್ಡ್ ಪೆಟ್ ಬೇರೆ; ಅದು ಅಲ್ಝೈಮರ್‌ನಲ್ಲಿ ಮೆದುಳಿನಲ್ಲಿ ಸೇರಿಕೊಳ್ಳುವ ಅಮಿಲಾಯ್ಡ್ ಎಂಬ ಪ್ರೋಟೀನ್ ತೋರಿಸುತ್ತದೆ. ಮರೆವಿಲ್ಲದ ಹಿರಿಯರಲ್ಲೂ ಅದು ಪಾಸಿಟಿವ್ ಬರುವುದುಂಟು. ಅದೊಂದನ್ನೇ ಹಿಡಿದು ಅಲ್ಝೈಮರ್ ಎನ್ನಲಾಗದು.

ಪ್ರಶ್ನೆ: ಇಂಥ ಸ್ಕ್ಯಾನ್ ಸಂಶೋಧನೆಗೆ ಕೊಡಬಹುದೇ?
– ಓದುಗರು, ಕಾರವಾರ

ಉತ್ತರ: ಒಂದು ಬಿಡಿ ಸ್ಕ್ಯಾನ್‌ನಿಂದ ಉಪಯೋಗ ಕಡಿಮೆ. ಒಂದೇ ಬಗೆಯ ಯಂತ್ರ, ಒಂದೇ ಸೆಟ್ಟಿಂಗ್, ವರ್ಷಗಳ ಅಂತರದಲ್ಲಿ ಅದೇ ವ್ಯಕ್ತಿ. ಆಗಲೇ ಸವೆತದ ವೇಗ ತಿಳಿಯುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಕೋಲಾರದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನು ಹೀಗೆ ಹಿಂಬಾಲಿಸುತ್ತಿದೆ. ಅಲ್ಲಿ ಆರೋಗ್ಯವಂತರೂ ಬೇಕು, ಹೋಲಿಸಲು. ಎಲ್ಲೇ ಸೇರಿದರೂ ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಓದಿಸಿಕೊಂಡೇ ಸಹಿ ಹಾಕಿ.