ಹವ್ಯಾಸಿಗೆ ಪದಕವೇಕೆ?

ಶಿವಮೊಗ್ಗದ ಓದುಗರೊಬ್ಬರ ಪತ್ರದ ಸಾರ: ‘ಹವ್ಯಾಸಿ ಖಗೋಳ ವೀಕ್ಷಕರ ಪ್ರಶಸ್ತಿಗಳ ಬಗ್ಗೆ ಕಳೆದ ಸಂಚಿಕೆಯಲ್ಲಿ ಪುಟಗಟ್ಟಲೆ ಬರೆದಿದ್ದೀರಿ. ಇಡೀ ಆಕಾಶವನ್ನು ಯಂತ್ರಗಳೇ ಜಾಲಾಡುತ್ತಿರುವಾಗ ಮಾಳಿಗೆಯ ಮೇಲೆ ನಿಂತು ನಕ್ಷತ್ರ ನೋಡುವವರಿಗೆ ಪದಕವೇಕೆ? ಬಹುಮಾನ ಅಂಟಿದ ಮೇಲೆ ಹವ್ಯಾಸ ಹವ್ಯಾಸವಾಗಿ ಉಳಿದೀತೇ? ಅಂದ ಹಾಗೆ, ಒಂಬತ್ತನೇ ತರಗತಿಯಲ್ಲಿರುವ ಮೊಮ್ಮಗಳು ದೂರದರ್ಶಕ ಬೇಕೆನ್ನುತ್ತಿದ್ದಾಳೆ. ಕೊಡಿಸಲೇ?’

ಸಂಪಾದಕರ ಉತ್ತರ: ಎರಡನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ, ಅದರಲ್ಲಿ ಹುರುಳಿದೆ. ಪದಕದ ಹಿಂದೆಯೇ ತಕರಾರೂ ಬರುತ್ತದೆ. ದೂರದರ್ಶಕದಿಂದ ಹೊಸ ಧೂಮಕೇತುವನ್ನು ಕಂಡವರಿಗೆ ಚಿನ್ನದ ಪದಕ ಕೊಡುವುದಾಗಿ ಡೆನ್ಮಾರ್ಕಿನ ದೊರೆ ಆರನೆಯ ಫ್ರೆಡರಿಕ್ 1831ರಲ್ಲಿ ಸಾರಿದ್ದ. 1847ರ ಅಕ್ಟೋಬರ್ 1ರ ರಾತ್ರಿ ಅಮೆರಿಕದ ನ್ಯಾಂಟುಕೆಟ್ ದ್ವೀಪದ ಗ್ರಂಥಪಾಲಕಿ ಮರಿಯಾ ಮಿಚೆಲ್ ಅಂಥದೊಂದನ್ನು ಕಂಡರು. ಕಂಡದ್ದು ತಂದೆ ಕೆಲಸ ಮಾಡುತ್ತಿದ್ದ ಬ್ಯಾಂಕಿನ ಮಾಳಿಗೆಯ ಮೇಲಿಂದಲೇ! ಎರಡು ದಿನ ಬಿಟ್ಟು ಅದನ್ನೇ ಕಂಡ ರೋಮ್ ನಗರದ ಡಿ ವಿಕೊ ಅವರ ಸುದ್ದಿ ಯುರೋಪಿನಲ್ಲಿ ಮೊದಲು ಹಬ್ಬಿತು. ಕಂಡ ಕೂಡಲೇ ಅಂಚೆಗೆ ಹಾಕಬೇಕೆಂಬ ನಿಯಮ ಅಡ್ಡ ಬಂದು, ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷರೇ ಪತ್ರ ವ್ಯವಹಾರ ನಡೆಸಿದ ಮೇಲೆ 1848ರಲ್ಲಿ ಪದಕ ಮಿಚೆಲ್ ಅವರ ಕೈ ಸೇರಿತು. ಇಷ್ಟಾದರೂ ಅವರ ಆಸಕ್ತಿ ಕೆಡಲಿಲ್ಲ. ಮುಂದೆ ವಸ್ಸಾರ್ ಕಾಲೇಜಿನಲ್ಲಿ ಖಗೋಳ ವಿಜ್ಞಾನದ ಪ್ರಾಧ್ಯಾಪಕಿಯಾದರು.

ಆದರೆ ನನ್ನ ಮಟ್ಟಿಗೆ ಪ್ರಶಸ್ತಿ ಎಂದರೆ ಹೀಗಿರಬೇಕು ಎನಿಸುವುದು ರಾಧಾಗೋವಿಂದ ಚಂದ್ರ ಅವರಿಗೆ ಸಿಕ್ಕಿದ್ದನ್ನು ನೆನೆದಾಗ. ಅವಿಭಜಿತ ಬಂಗಾಳದ ಜೆಸ್ಸೋರ್‌ನಲ್ಲಿ ಸರ್ಕಾರಿ ಖಜಾನೆಯ ನೌಕರ. ಪ್ರವೇಶ ಪರೀಕ್ಷೆಯನ್ನೂ ದಾಟಲಾಗದವರು. 1910ರ ಹ್ಯಾಲಿ ಧೂಮಕೇತು ಹಿಡಿಸಿದ ಹುಚ್ಚಿನಲ್ಲಿ ಇಂಗ್ಲೆಂಡಿನಿಂದ ಮೂರು ಇಂಚಿನ ದೂರದರ್ಶಕ ತರಿಸಿಕೊಂಡರು. 1918ರಲ್ಲಿ ಗರುಡ ನಕ್ಷತ್ರಪುಂಜದಲ್ಲಿ ಭುಗಿಲೆದ್ದ ನೋವಾವನ್ನು, ಅಂದರೆ ಹಠಾತ್ತನೆ ಬೆಳಗುವ ನಕ್ಷತ್ರವನ್ನು, ಗುರುತಿಸಿದರು. ಅಲ್ಲಿಂದ ಮುಂದೆ, ಕಾಂತಿ ಏರಿಳಿಯುವ ರೂಪವಿಕಾರಿ ನಕ್ಷತ್ರಗಳನ್ನು ಅಕ್ಕಪಕ್ಕದ ಸ್ಥಿರ ಕಾಂತಿಯ ನಕ್ಷತ್ರಗಳೊಂದಿಗೆ ಹೋಲಿಸಿ ಅಂಕಿ ಬರೆದಿಡುವುದೇ ಅವರ ರಾತ್ರಿಯ ಕಸುಬಾಯಿತು. ಅಂಥ ವೀಕ್ಷಕರ ಅಮೆರಿಕದ ಸಂಘಕ್ಕೆ ಅವರು ಕಳಿಸಿದ ದಾಖಲೆಗಳು 37,000ಕ್ಕೂ ಹೆಚ್ಚು. ಆ ಸಂಘ ಸನ್ಮಾನಪತ್ರ ಕಳಿಸಿ ಕೈತೊಳೆದುಕೊಳ್ಳಲಿಲ್ಲ. ಆರು ಇಂಚಿನ ದೂರದರ್ಶಕವನ್ನೇ ಜೆಸ್ಸೋರ್‌ಗೆ ಕಳಿಸಿತು! 1928ರಲ್ಲಿ ಫ್ರೆಂಚ್ ಸರ್ಕಾರವೂ ಗೌರವ ನೀಡಿತು, ಆದರೆ ಅವರ ಕೆಲಸವನ್ನು ಬೆಳೆಸಿದ್ದು ಆ ಆರು ಇಂಚು. ಅವರಿಗೆ ವಯಸ್ಸಾದ ಮೇಲೆ ಅದು ಖಗೋಳ ವಿಜ್ಞಾನಿ ವೈನು ಬಾಪು ಅವರ ಮೂಲಕ ಕವಲೂರು ವೀಕ್ಷಣಾಲಯ ತಲುಪಿತು. ತಮಿಳುನಾಡಿನಲ್ಲಿದ್ದರೂ ಆ ವೀಕ್ಷಣಾಲಯವನ್ನು ನಡೆಸುವುದು ನಮ್ಮ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ. ಬಾಪು ಕೂಡ ಹಾರ್ವರ್ಡ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗ ಧೂಮಕೇತುವೊಂದನ್ನು ಕಂಡು 1949ರಲ್ಲಿ ಡೊನೊಹೊ ಪದಕ ಪಡೆದವರು.

ಇನ್ನು ಯಂತ್ರಗಳ ಮಾತು. ಧೂಮಕೇತುಗಳ ಬಹುಪಾಲು ಈಗ ಅವುಗಳದೇ, ಒಪ್ಪಿದೆ. ಆದರೂ ಸೌರವ್ಯೂಹದ ಆಚೆಯಿಂದ ಬಂದ ಮೊದಲ ಧೂಮಕೇತುವನ್ನು 2019ರ ಆಗಸ್ಟ್‌ನಲ್ಲಿ ಕ್ರಿಮಿಯಾದ ಗೆನ್ನಡಿ ಬೊರಿಸೊವ್ ಕಂಡದ್ದು ತಾವೇ ಕಟ್ಟಿದ 65 ಸೆಂ.ಮೀ. ದೂರದರ್ಶಕದಲ್ಲಿ. ನ್ಯೂಜಿಲೆಂಡಿನ ಆಲ್ಬರ್ಟ್ ಜೋನ್ಸ್ 1946ರಲ್ಲಿ ಒಂದು ಧೂಮಕೇತು ಕಂಡರು, ಇನ್ನೊಂದನ್ನು 2000ದಲ್ಲಿ, ಎಂಬತ್ತರ ವಯಸ್ಸಿನಲ್ಲಿ. ಹವ್ಯಾಸಿಗಳಿಗೆಂದೇ ಮೀಸಲಾದ ಎಡ್ಗರ್ ವಿಲ್ಸನ್ ಪ್ರಶಸ್ತಿಯಲ್ಲಿ ಅವರಿಗೂ ಪಾಲು ಸಿಕ್ಕಿತು. ಧೂಮಕೇತು ಅದೃಷ್ಟದ ಮಾತು ಎನ್ನುವಿರಾದರೆ, ರೂಪವಿಕಾರಿ ನಕ್ಷತ್ರಗಳ ಐದು ಲಕ್ಷ ದಾಖಲೆಗಳೂ ಅವರವೇ. ಯಂತ್ರಗಳು ಹುಟ್ಟುವ ಮುಂಚಿನ ದಶಕಗಳಿಗೆ ವಿಜ್ಞಾನಿಗಳು ಇಂಥ ಕಡತಗಳನ್ನಲ್ಲದೆ ಬೇರೆ ಯಾವುದನ್ನು ಮಗುಚಬೇಕು?

ನನ್ನ ದೂರು ಬೇರೆ ಇದೆ. ನಮ್ಮಲ್ಲಿ ಚೆಂದದ ಛಾಯಾಚಿತ್ರಕ್ಕೆ ಬಹುಮಾನ ಸುಲಭವಾಗಿ ಸಿಗುತ್ತದೆ. ಇಪ್ಪತ್ತು ವರ್ಷ ಅಂಕಿ ಬರೆದವರಿಗೆ ಬಹಳವೆಂದರೆ ಶಾಲು, ಹಾರ, ಹಣ್ಣಿನ ಬುಟ್ಟಿ. ಆ ಹಣದಲ್ಲಿ ಅವರಿಗೊಂದು ಒಳ್ಳೆಯ ಮಸೂರ ಕೊಡಿಸಬಾರದೇ?

ಮೊಮ್ಮಗಳಿಗೆ ದೂರದರ್ಶಕವನ್ನು ಈಗಲೇ ಕೊಡಿಸಬೇಡಿ. ಚಳಿಗಾಲದ ಸಂಜೆ ಆರಿದ್ರಾ ನಕ್ಷತ್ರವನ್ನು ತೋರಿಸಿ; ಅದೂ ರೂಪವಿಕಾರಿಯೇ, 2020ರ ಆರಂಭದಲ್ಲಿ ಬರಿಗಣ್ಣಿಗೇ ತಿಳಿಯುವಷ್ಟು ಮಂಕಾಗಿತ್ತು. ರೋಹಿಣಿಯ ಕಾಂತಿಮಾನ ಸುಮಾರು 0.9, ಪ್ರೊಸಿಯನ್ ಎಂಬ ಇನ್ನೊಂದು ನಕ್ಷತ್ರದ್ದು 0.4; ಅಂಕಿ ಕಡಿಮೆಯಾದಷ್ಟೂ ಕಾಂತಿ ಹೆಚ್ಚು. ಆರಿದ್ರಾ ಇವೆರಡರ ನಡುವೆ ಎಲ್ಲಿ ನಿಲ್ಲುತ್ತದೆಂದು ಅವಳೇ ಅಂದಾಜು ಮಾಡಿ ದಿನಾಂಕ, ಗಂಟೆಯೊಂದಿಗೆ ಬರೆದಿಡಲಿ. ಮೂರೂ ದಿಗಂತದಿಂದ ಸಾಕಷ್ಟು ಮೇಲೆ ಬಂದ ನಂತರ ನೋಡಲಿ, ಇಲ್ಲದಿದ್ದರೆ ಅಂಕಿ ಕೆಡುತ್ತದೆ. ಒಂದು ಋತು ಬಿಡದೆ ಬರೆದಳೆಂದರೆ ಆಗ ದೂರದರ್ಶಕದ ಮಾತು ತೆಗೆಯಿರಿ.