ವೆಬ್ ದೂರದರ್ಶಕದ ಚಿತ್ರದಲ್ಲಿ ಅತಿ ಕೆಂಪು ಚುಕ್ಕೆ ಹುಡುಕಿದರೆ ಅತಿ ದೂರದ ಗ್ಯಾಲಕ್ಸಿ ಸಿಗುತ್ತದೆಯೇ? ಜೂಮ್ ಮಾಡಲು ಯಾವ ಸಾಫ್ಟ್‌ವೇರ್ ಒಳ್ಳೆಯದು?

ಸಿಗುವುದಿಲ್ಲ. ನಾನೂ ಶುರು ಮಾಡಿದ್ದು ಹೀಗೇ. ಕಡುಗೆಂಪಾಗಿ ಕಾಣುವುದು ಬಹುಪಾಲು ದೂಳು ತುಂಬಿದ, ಅಷ್ಟೇನೂ ದೂರವಿಲ್ಲದ ಗ್ಯಾಲಕ್ಸಿ. ನಿಜವಾಗಿ ದೂರದ್ದು ಒಂದು ಫಿಲ್ಟರ್‌ನಲ್ಲಿ (ಕೆಲವೇ ತರಂಗಾಂತರದ ಬೆಳಕನ್ನು ಬಿಡುವ ಗಾಜು) ಇರುವುದೇ ಇಲ್ಲ, ಮುಂದಿನದರಲ್ಲಿ ಥಟ್ಟನೆ ಕಾಣುತ್ತದೆ, ಅದರಾಚೆ ಹೆಚ್ಚುಕಡಿಮೆ ಒಂದೇ ಸಮ. 121.6 ನ್ಯಾನೋಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕನ್ನು ದಾರಿಯಲ್ಲಿನ ಹೈಡ್ರೋಜನ್ ನುಂಗಿಬಿಡುತ್ತದೆ. ವಿಶ್ವ ಹಿಗ್ಗುವುದರಿಂದ ದೂರದ ಬೆಳಕಿನ ತರಂಗ ಎಷ್ಟು ಉದ್ದವಾಗಿದೆ ಎಂಬ ಅಳತೆ ರೆಡ್‌ಶಿಫ್ಟ್. ಅದು 13 ಆದರೆ ಆ ಅಂಚು 14 ಪಟ್ಟು ಹಿಗ್ಗಿ 1.70 ಮೈಕ್ರಾನ್‌ಗೆ ಬಂದು ನಿಲ್ಲುತ್ತದೆ: 1.5 ಮೈಕ್ರಾನ್ ಸುತ್ತಲಿನ ಎಫ್150ಡಬ್ಲ್ಯೂ ಫಿಲ್ಟರ್ ಖಾಲಿ, 2 ಮೈಕ್ರಾನ್ ಸುತ್ತಲಿನ ಎಫ್200ಡಬ್ಲ್ಯೂನಲ್ಲಿ ಬೆಳಕು.

ಜೆಪೆಗ್‌ನಲ್ಲಿ ಇದನ್ನು ಅಳೆಯಲಾಗದು. ದೂರದರ್ಶಕದ ದತ್ತಾಂಶ ಇಡುವ ಮಾಸ್ಟ್ ಭಂಡಾರದಿಂದ ವೆಬ್‌ನ ಅವಕೆಂಪು ಕ್ಯಾಮೆರಾ ನಿರ್‌ಕ್ಯಾಮ್‌ನ ಐ2ಡಿ (ಕೂಡಿಸಿದ ಚಿತ್ರದ) ಫಿಟ್ಸ್ ಕಡತಗಳನ್ನು ಇಳಿಸಿಕೊಳ್ಳಿ, ನೋಡಲು ಡಿಎಸ್9 ಸಾಫ್ಟ್‌ವೇರ್ ಸಾಕು. ಪಿಕ್ಸೆಲ್ ಬೆಲೆ ಇರುವುದು ಮೆಗಾಜಾನ್ಸ್ಕಿ ಪ್ರತಿ ಸ್ಟೆರೇಡಿಯನ್‌ನಲ್ಲಿ; ಕಡತದ ಹೆಡರ್‌ನ 'ಪಿಕ್ಸಾರ್ ಎಸ್ಆರ್' (ಒಂದು ಪಿಕ್ಸೆಲ್‌ನ ವಿಸ್ತಾರ) ಸಂಖ್ಯೆಯಿಂದ ಗುಣಿಸಿದರೆ ಫ್ಲಕ್ಸ್, ಅಂದರೆ ಬಂದ ಬೆಳಕಿನ ಪ್ರಮಾಣ.

ನಾನು ಮುಗ್ಗರಿಸಿದ್ದು ಆ 'ಖಾಲಿ' ಎಂಬ ಮಾತಿನಲ್ಲಿ. ನನ್ನ ಚುಕ್ಕೆ ಎಫ್200ಡಬ್ಲ್ಯೂನಲ್ಲಿ 19 ನ್ಯಾನೋಜಾನ್ಸ್ಕಿ, ಅಂದರೆ 28.2 ಮ್ಯಾಗ್ನಿಟ್ಯೂಡ್ (ಈ ಸಂಖ್ಯೆ ಹೆಚ್ಚಿದಷ್ಟೂ ವಸ್ತು ಮಂದ), ಎಫ್150ಡಬ್ಲ್ಯೂನಲ್ಲಿ ಮೈನಸ್ 1.1. ದೋಷದ ಅಂದಾಜನ್ನು, ಅಂದರೆ ಸಿಗ್ಮಾವನ್ನು, ಕಡತದ ಎರರ್ ಪದರದಿಂದಲೇ ಎತ್ತಿಕೊಂಡೆ: 2. ಎರಡು ಸಿಗ್ಮಾ ಎಂದರೆ 4, ಎರಡು ಫಿಲ್ಟರ್‌ಗಳ ನಡುವಿನ ಕುಸಿತ ಕನಿಷ್ಠ 1.7 ಮ್ಯಾಗ್ನಿಟ್ಯೂಡ್. ಫಿಲ್ಟರ್ ಬೆಲೆಗಳಿಂದ ರೆಡ್‌ಶಿಫ್ಟ್ ಅಂದಾಜಿಸುವ ಈಝೀ ಪ್ರೋಗ್ರಾಂ 13 ಎಂದಿತು, ನಂಬಿದೆ. ಆದರೆ ಆ ಪದರ ಪ್ರತಿ ಪಿಕ್ಸೆಲ್‌ನ ನಾಯ್ಸ್‌ಗೂ ಪಕ್ಕದ್ದಕ್ಕೂ ಸಂಬಂಧವಿಲ್ಲ ಎಂದುಕೊಂಡ ಲೆಕ್ಕ. ಎಕ್ಸ್‌ಪೋಶರ್‌ಗಳನ್ನು ಡ್ರಿಜಲ್ ಮಾಡಿ (ಹೊಸ ಪಿಕ್ಸೆಲ್ ಜಾಲಕ್ಕೆ ಹಂಚಿ) ಕೂಡಿಸುವಾಗ ಅಕ್ಕಪಕ್ಕದ ಪಿಕ್ಸೆಲ್‌ಗಳು ಒಂದೇ ನಾಯ್ಸನ್ನು ಹಂಚಿಕೊಂಡಿರುತ್ತವೆ. ಬೆಳಕು ಅಳೆಯಲು ಚುಕ್ಕೆಯ ಸುತ್ತ ಇಡುವ 0.3 ಆರ್ಕ್‌ಸೆಕೆಂಡ್ ವ್ಯಾಸದ ವೃತ್ತದ, ಅಂದರೆ ಅಪರ್ಚರ್‌ನೊಳಗೆ ಸುಮಾರು 75 ಪಿಕ್ಸೆಲ್. ಅವುಗಳ ದೋಷವನ್ನು ವರ್ಗ ಮಾಡಿ ಕೂಡಿಸಿದರೆ ಮೊತ್ತ ನಿಜಕ್ಕಿಂತ ಸಣ್ಣದೇ ಬರುತ್ತದೆ. ಸಿಗ್ಮಾದ ನಿಜವಾದ ಬೆಲೆ 4 ಇತ್ತು. ಕುಸಿತ 0.94ಕ್ಕೆ ಇಳಿಯಿತು. 1.7 ಮೈಕ್ರಾನ್‌ನಲ್ಲಿ ಅಷ್ಟು ಕುಸಿತವನ್ನು ರೆಡ್‌ಶಿಫ್ಟ್ 3.3ರ ಹಳೆಯ ಗ್ಯಾಲಕ್ಸಿಯ 400 ನ್ಯಾನೋಮೀಟರ್ ಅಂಚೂ ಕೊಡಬಲ್ಲದು.

ಹಾಗಾಗಿ ಮೊದಲು ಕಾಣುವ ವಸ್ತುಗಳನ್ನೆಲ್ಲ ಮಾಸ್ಕ್ ಮಾಡಿ, ಅದೇ ಆಳದ ಖಾಲಿ ಆಕಾಶದಲ್ಲಿ 500 ಅಪರ್ಚರ್‌ಗಳನ್ನು ಎಲ್ಲೆಂದರಲ್ಲಿ ಇಟ್ಟು, ಆ ಬೆಲೆಗಳ ಹರಡುವಿಕೆಯನ್ನು ನೋಡಿ. ಸಿಗ್ಮಾ ಅದೇ. ಮೈನಸ್ ಬೆಲೆಯನ್ನು ಸೊನ್ನೆ ಮಾಡಬೇಡಿ, ದೋಷದ ಸಮೇತ ಹಾಗೇ ಈಝೀಗೆ ಕೊಡಿ. ಕಾಣದ ಫಿಲ್ಟರ್‌ನ ಎರಡು ಸಿಗ್ಮಾ ಮಿತಿ ವಸ್ತುವಿಗಿಂತ ಒಂದೂವರೆ ಮ್ಯಾಗ್ನಿಟ್ಯೂಡ್ ಮಂದವಾಗಿಲ್ಲದಿದ್ದರೆ ನಾನು ಆ ವಸ್ತುವಿನ ತಂಟೆಗೇ ಹೋಗುವುದಿಲ್ಲ. ಫಿಲ್ಟರ್‌ಗಳ ನಡುವಿನ ವ್ಯತ್ಯಾಸ, ಅಂದರೆ ಬಣ್ಣ, ಲೆಕ್ಕ ಹಾಕುವ ಮುಂಚೆ ಎಲ್ಲ ಚಿತ್ರಗಳನ್ನೂ ಉದ್ದ ತರಂಗಾಂತರದ ಎಫ್444ಡಬ್ಲ್ಯೂ ಫಿಲ್ಟರ್‌ನ ಮಸುಕಿಗೆ ಹೊಂದಿಸಿಕೊಳ್ಳಿ. ಅಲ್ಲಿ ಚುಕ್ಕೆಯ ಅಗಲ ಸುಮಾರು 0.14 ಆರ್ಕ್‌ಸೆಕೆಂಡ್, ಎಫ್150ಡಬ್ಲ್ಯೂನಲ್ಲಿ 0.05.

ಇಷ್ಟಾದರೂ ಮೋಸ ಹೋಗಬಹುದು. ಸೀರ್ಸ್-93316 ಎಂಬ ಗ್ಯಾಲಕ್ಸಿಯನ್ನು 2022ರಲ್ಲಿ ರೆಡ್‌ಶಿಫ್ಟ್ 16 ದಾಟಿದ್ದು ಎಂದುಕೊಂಡಿದ್ದರು. ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ ರೋಹಿತ ತೆಗೆದಾಗ 4.9. ಆಮ್ಲಜನಕ ಮತ್ತು ಹೈಡ್ರೋಜನ್‌ನ ಪ್ರಬಲ ರೇಖೆಗಳು ಉದ್ದ ತರಂಗಾಂತರದ ಫಿಲ್ಟರ್‌ಗಳಲ್ಲಿ ಬಿದ್ದು ಬೆಳಕನ್ನು ಉಬ್ಬಿಸಿದ್ದವು. ರೆಡ್‌ಶಿಫ್ಟ್ 14 ದಾಟಿದ ಗ್ಯಾಲಕ್ಸಿ ಜೇಡ್ಸ್-ಜಿಎಸ್-ಝಡ್14-0 ಗಟ್ಟಿಯಾಗಿದ್ದೂ 2024ರಲ್ಲಿ ರೋಹಿತ ಬಂದ ಮೇಲೆಯೇ.

ರೋಹಿತ ನಮ್ಮ ಕೈಲಿಲ್ಲ, ಇದೊಂದು ಇದೆ: ಎಕ್ಸ್‌ಪೋಶರ್‌ಗಳನ್ನು ಎರಡು ಪಾಲು ಮಾಡಿ ಬೇರೆ ಬೇರೆ ಕೂಡಿಸಿ. ಎರಡರಲ್ಲೂ ಚುಕ್ಕೆ ಅದೇ ಜಾಗದಲ್ಲಿ ಇಲ್ಲದಿದ್ದರೆ ಅದು ಕಾಸ್ಮಿಕ್ ಕಿರಣದ ಕಲೆಯೋ ಬರೀ ನಾಯ್ಸೋ ಇರಬಹುದು, ಅಷ್ಟೆ.